ನೀರು ನೋಡುವ ಹಗ್ಗ, ಎತ್ತರ ನೋಡುವ ಯಂತ್ರ

“ಅಳತೆ ಇದ್ರೆ ಪಾಠ ಕಣ್ರೀ ಟೀಚರ್. ಅಳತೆ ಇಲ್ಲಾಂದ್ರೆ ಆಟ. ಆಟಕ್ಕೆ ಪೀಟಿ ಪೀರಿಯಡ್ ಐತಲ್ಲ!”

ಹೀಗೆ ಹೇಳಿಸಿಕೊಂಡವಳು ನನ್ನ ತಂಗಿ. ಲಿಂಗದಹಳ್ಳಿ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಾಳೆ. ಹೇಳಿದವರು ಅಲ್ಲಿಯ ಹೆಡ್‌ಮಾಸ್ಟರು. ಶನಿವಾರದ ಕೊನೆಯ ಪೀರಿಯಡ್ಡಿನಲ್ಲಿ ಅವಳು ಒಂಬತ್ತನೇ ಕ್ಲಾಸಿನ ಹುಡುಗಿಯರನ್ನು ಮೈದಾನಕ್ಕೆ ಕರೆದುಕೊಂಡು ಹೋಗಿ ನೀರಿನ ರಾಕೆಟ್ ಹಾರಿಸುತ್ತಿದ್ದಳು. ಮದುವೆ ಮನೆಗಳಿಂದ ಆರಿಸಿ ತಂದ ದೊಡ್ಡ ಸೋಡಾ ಬಾಟಲಿಗೆ ಮೂರರಲ್ಲೊಂದು ಪಾಲು ನೀರು ತುಂಬಿ, ತಲೆಕೆಳಗಾಗಿ ನಿಲ್ಲಿಸಿ, ಸೈಕಲ್ ಪಂಪಿನಲ್ಲಿ ಗಾಳಿ ಹೊಡೆದು, ಹಿಡಿತ ಸಡಿಲಿಸಿದರೆ ನೀರು ಕೆಳಗೆ ಚಿಮ್ಮುತ್ತದೆ, ಬಾಟಲಿ ಸುಯ್ಯೆಂದು ಮೇಲಕ್ಕೆ ಹೋಗುತ್ತದೆ. ಹುಡುಗಿಯರು ನೆನೆದು ತೊಪ್ಪೆಯಾಗಿ ಕಿರುಚುತ್ತಾರೆ. ಆ ಕಿರುಚಾಟ ಕೇಳಿಯೇ ಹೆಡ್‌ಮಾಸ್ಟರು ಕಿಟಕಿಗೆ ಬಂದದ್ದು.

ತಂಗಿ ಫೋನಿನಲ್ಲಿ ಅಳುವುದೊಂದು ಬಾಕಿ. “ಎಷ್ಟು ಎತ್ತರ ಹೋಗ್ತದೆ ಅಂತ ಕೇಳಿದ್ರು ಕಣೇ ಅಕ್ಕಾ. ತುಂಬಾ ಎತ್ತರ ಸಾರ್ ಅಂದೆ. ತುಂಬಾ ಅಂದ್ರೆ ಎಷ್ಟು ಅಂದ್ರು. ಹೊಸ ಟೈಮ್‌ಟೇಬಲ್ ಹಾಕೋ ಶನಿವಾರದೊಳಗೆ ಅಳೆದು ತೋರಿಸ್ಬೇಕಂತೆ, ಇಲ್ದಿದ್ರೆ ಆ ಪೀರಿಯಡ್ಡು ಹೋಯ್ತು.”

“ಅವರು ಹೇಳಿದ್ರಲ್ಲಿ ತಪ್ಪೇನೈತೆ?” ಎಂದೆ.

“ನೀನು ಯಾವತ್ತು ನನ್ನ ಕಡೆ ಮಾತಾಡಿದ್ದೀಯ!” ಎಂದು ಉರಿದುಬಿದ್ದಳು. ಆಮೇಲೆ ದನಿ ಇಳಿಸಿ, “ಈ ಹುಡ್ಗೀರು ಬೇರೆ ಯಾವ ಪೀರಿಯಡ್‌ನಲ್ಲೂ ಬಾಯಿ ಬಿಡಲ್ಲ ಕಣೇ. ಅಲ್ಲಿ ಮಾತ್ರ ಪ್ರಶ್ನೆ ಮೇಲೆ ಪ್ರಶ್ನೆ ಕೇಳ್ತಾರೆ. ಅದನ್ನೂ ಕಿತ್ಕೊಂಡ್ರೆ ನಾನೇನು ಮಾಡ್ಲಿ?” ಎಂದಳು. ನನಗೆ ಚುರುಕ್ಕೆಂದಿತು. ನಾನು ಮಾಡುತ್ತೇನೆ ಎಂದುಬಿಟ್ಟೆ.

ನನ್ನ ಕಸುಬು ಬೀರೂರಿನಲ್ಲಿ ತಕ್ಕಡಿ ರಿಪೇರಿ. ಅಂಗಡಿಗಳಲ್ಲಿ, ಕೊಬ್ಬರಿ ಮಂಡಿಗಳಲ್ಲಿ ಕೆಂಪು ಅಂಕಿ ತೋರಿಸುವ ಎಲೆಕ್ಟ್ರಾನಿಕ್ ತಕ್ಕಡಿ ಇರುತ್ತದಲ್ಲ, ಅದು ಕೆಟ್ಟರೆ ಕಡೂರು, ತರೀಕೆರೆ, ಅಜ್ಜಂಪುರ ಎಲ್ಲ ಕಡೆಯಿಂದಲೂ ನನ್ನ ಮೇಜಿಗೇ ಬರುತ್ತದೆ. ಅಳತೆಯ ವಿಷಯದಲ್ಲಿ ನಾನು ಸ್ವಲ್ಪ ಮುಂಗೋಪಿ. ಹೂವಾಡಗಿತ್ತಿ ಗಿಡ್ಡ ಮೊಳ ಹಾಕಿದರೂ ಸುಮ್ಮನಿರುವವಳಲ್ಲ. ರಾಕೆಟ್ಟಿನ ಎತ್ತರವೇನು ಮಹಾ, ಎಂದುಕೊಂಡೆ.

ತಂಗಿ ಮೊದಲು ಕೋನಮಾಪಕಕ್ಕೆ ದಾರ ಕಟ್ಟಿ, ದೂರದಲ್ಲಿ ನಿಂತು, ರಾಕೆಟ್ಟಿಗೆ ಗುರಿ ಹಿಡಿದು ಅಳೆಸಿದ್ದಳು. ಮೂವರು ಹುಡುಗಿಯರು ಮೂರು ಉತ್ತರ ಕೊಟ್ಟಿದ್ದರು, ಮೂವರೂ ತಮ್ಮದೇ ಸರಿ ಎಂದು ಜಗಳವಾಡಿದ್ದರು. ಫೋನನ್ನೇ ಬಾಟಲಿಗೆ ಕಟ್ಟೋಣವೆಂದರೆ ಭಾರ. ಅದರ ಜಿಪಿಎಸ್ಸೋ, ಮೇಜಿನ ಮೇಲೆ ಸುಮ್ಮನೆ ಇಟ್ಟರೂ ಮಹಡಿ ಹತ್ತಿ ಇಳಿಯುತ್ತಿತ್ತು. ಕಡೂರಿನಲ್ಲಿ ಪರಿಚಯದ ಲೆಕ್ಚರರೊಬ್ಬರು ವಿದೇಶದಿಂದ ತರಿಸುವ ಆಲ್ಟಿಮೀಟರ್ ಒಂದರ ಚಿತ್ರ ತೋರಿಸಿದರು. ಹುಣಸೆ ಬೀಜದಷ್ಟಿರುವ ಎತ್ತರಮಾಪಕ. ಒಳಗೆ ಹಾಕಿ ಹಾರಿಸಿದರೆ ಆಯಿತು, ಕೀ ಕೀ ಎಂದು ಎಣಿಸಿ ಎತ್ತರ ಹೇಳುತ್ತದೆ. ಬೆಲೆ ನೋಡಿ ನಾನೇ ಕೆಮ್ಮಿದೆ.

ಆಗಲೇ ನಾನು ಒಂದು ನಿಯಮ ಹಾಕಿಕೊಂಡೆ. ರಾಕೆಟ್ಟು ಬೇಲಿಯಾಚೆ ಬೀಳುತ್ತದೆ, ಹಳ್ಳಕ್ಕೆ ಬೀಳುತ್ತದೆ, ಮರದಲ್ಲಿ ಸಿಕ್ಕಿಕೊಳ್ಳುತ್ತದೆ. ಒಳಗಿನ ಯಂತ್ರ ಕಳೆದುಹೋದರೆ ಯಾರೂ ಯಾರಿಗೂ ಬೈಯಬಾರದು, ಅಷ್ಟು ಅಗ್ಗದ್ದಾಗಿರಬೇಕು. ಬೀರುವಿನಲ್ಲಿಟ್ಟು ಬೀಗ ಹಾಕುವಂಥದ್ದಾದರೆ ಅದು ಹುಡುಗಿಯರದ್ದಾಗುವುದಿಲ್ಲ, ಹೆಡ್‌ಮಾಸ್ಟರದ್ದಾಗುತ್ತದೆ.

ಹಾಗಾಗಿ ಬಿಡಿ ಸಾಮಾನಿನ ಕಡೆ ತಿರುಗಿದೆ. ಗಾಳಿಯ ಒತ್ತಡ ಅಳೆಯುವ ಸೆನ್ಸರ್ ಒಂದು ಸಿಗುತ್ತದೆ, ಕಿರುಬೆರಳ ಉಗುರಿನಷ್ಟು. ಮೇಲೆ ಹೋದಂತೆ ಗಾಳಿಯ ಒತ್ತಡ ಚೂರುಚೂರೇ ಕಡಿಮೆಯಾಗುತ್ತದೆ, ಆ ಚೂರನ್ನು ಹಿಡಿದು ಎತ್ತರಕ್ಕೆ ತಿರುಗಿಸುವುದು. ತಕ್ಕಡಿಯ ಹೊಟ್ಟೆಯಲ್ಲಿರುವಂಥದೇ ಒಂದು ಚಿಕ್ಕ ಸರ್ಕ್ಯೂಟು, ಆಟಿಕೆ ಡ್ರೋನಿನ ಬ್ಯಾಟರಿ, ಎರಡು ಬೆಸುಗೆ. ನೆಲದ ಮೇಲಿಟ್ಟು ಗುಂಡಿ ಒತ್ತಿದರೆ ಅಲ್ಲಿಗೆ ಸೊನ್ನೆ, ಕೆಳಗೆ ಬಿದ್ದ ಮೇಲೆ ಫೋನಿಗೆ ವೈರು ಚುಚ್ಚಿದರೆ ಮುಟ್ಟಿದ ಅತಿ ಹೆಚ್ಚು ಎತ್ತರ. ಎಲ್ಲ ಸೇರಿ ಒಂದು ಒಳ್ಳೆಯ ಊಟದ ಖರ್ಚಿನಲ್ಲಿ ಮುಗಿಯಿತು. ನನಗೆ ನನ್ನ ಮೇಲೇ ಪ್ರೀತಿ ಬಂತು.

ಭಾನುವಾರ ರೈಲು ಹತ್ತಿ ತರೀಕೆರೆಗೆ ಹೋದೆ, ತಂಗಿ ಆ ಕಡೆಯಿಂದ ಬಸ್ಸಿನಲ್ಲಿ ಬಾಟಲಿ, ಪಂಪು ಹೊತ್ತು ಬಂದಳು. ಊರಾಚೆಯ ಕೊಯ್ಲಾದ ಗದ್ದೆಯಲ್ಲಿ ಹಾರಿಸಿದೆವು. ರಾಕೆಟ್ಟು ಬದುವಿನ ತೆಂಗಿನ ಮರವನ್ನು ಕೆಳಗೆ ಬಿಟ್ಟು ಹೋದದ್ದನ್ನು ಇಬ್ಬರೂ ಕಣ್ಣಾರೆ ಕಂಡೆವು. ಫೋನಿಗೆ ಚುಚ್ಚಿದರೆ ಏಳು ಮೀಟರು!

“ಅಕ್ಕಾ, ಬಾಟ್ಲಿ ಹೋಯ್ತಂತೆ, ನಿನ್ನ ಯಂತ್ರ ಮಾತ್ರ ಇಲ್ಲೇ ಕೂತಿತ್ತಂತೆ!” ಎಂದು ತಂಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಮನೆಗೆ ಬಂದು ಯೋಚಿಸಿದಾಗ ಹಣೆ ಚಚ್ಚಿಕೊಂಡೆ. ತಕ್ಕಡಿಗೆ ಬರೆಯುವ ಹಾಗೆಯೇ ಇದಕ್ಕೂ ಪ್ರೋಗ್ರಾಮ್ ಬರೆದಿದ್ದೆ. ಮೂಟೆ ಇಟ್ಟಾಗ ತಕ್ಕಡಿ ಅಲ್ಲಾಡುತ್ತದೆ, ಅಂಕಿ ನಿಲ್ಲುವವರೆಗೂ ಕಾದು ಆಮೇಲೆ ತೋರಿಸಬೇಕು, ಅದು ನಮ್ಮ ಕಸುಬಿನ ಮೊದಲ ಪಾಠ. ರಾಕೆಟ್ಟು ಎಲ್ಲಿ ನಿಲ್ಲುತ್ತದೆ? ಮೇಲೆ ಮುಟ್ಟಿದ ಕ್ಷಣವೇ ಕೆಳಗೆ ಹೊರಟಿರುತ್ತದೆ. ಕಾಯುವುದನ್ನು ತೆಗೆದುಹಾಕಿ, ಕಣ್ಣುಮಿಟುಕಿಸುವುದರೊಳಗೆ ಹತ್ತಾರು ಸಲ ಅಳೆಯುವ ಹಾಗೆ ಬದಲಾಯಿಸಿದೆ.

ಮುಂದಿನ ಹಾರಾಟದಲ್ಲಿ ನೂರನಲವತ್ತು ಮೀಟರು ಬಂತು. ಈ ಸಲ ನಗುವ ಸರದಿ ಇಬ್ಬರದೂ. ಯಂತ್ರ ಇಟ್ಟದ್ದು ರಾಕೆಟ್ಟಿನ ತುದಿಗೆ ಮೂತಿಯಾಗಿ ಸಿಕ್ಕಿಸಿದ ಇನ್ನೊಂದು ಬಾಟಲಿಯ ತುಂಡಿನೊಳಗೆ. ಆ ಪಾರದರ್ಶಕ ಮೂತಿಯಲ್ಲಿ ಬಿಸಿಲು ನೇರವಾಗಿ ಸೆನ್ಸರಿನ ಮೇಲೆ ಬಿದ್ದು ಅದಕ್ಕೆ ತಲೆ ತಿರುಗುತ್ತಿತ್ತು. ಕಪ್ಪು ಸ್ಪಂಜಿನ ಟೋಪಿ ಹಾಕಿದೆ. ಗಾಳಿಯಾಡಲು ಮೂತಿಯಲ್ಲಿ ಒಂದೇ ತೂತು ಕೊರೆದಿದ್ದೆ, ಗಾಳಿ ಆ ಕಡೆಯಿಂದ ಬೀಸಿದರೆ ಒಂದು ಲೆಕ್ಕ, ಈ ಕಡೆಯಿಂದ ಬೀಸಿದರೆ ಇನ್ನೊಂದು. ಸುತ್ತಲೂ ಸಮದೂರಕ್ಕೆ ನಾಲ್ಕು ಸಣ್ಣ ತೂತು ಮಾಡಿದೆ. ಅಳೆದೂ ಸುರಿದೂ ಕೊನೆಗೆ ಒಂದೇ ಥರ ನೀರು, ಒಂದೇ ಥರ ಗಾಳಿ ತುಂಬಿದರೆ ಒಂದೇ ಥರ ಉತ್ತರ ಬರತೊಡಗಿತು. ನಲವತ್ತೈದರ ಆಸುಪಾಸು.

ತಂಗಿ ಓಡಿಹೋಗಿ ಹೆಡ್‌ಮಾಸ್ಟರಿಗೆ ಹೇಳಿದಳು. ಅವರು ಕನ್ನಡಕ ತೆಗೆದು ಒರೆಸಿಕೊಂಡು, “ಸಂತೋಷ ಕಣ್ರೀ. ಅದು ಹೇಳೋದು ನಿಜ ಅಂತ ಹೆಂಗೆ ಗೊತ್ತು?” ಎಂದರಂತೆ.

“ಕೆಮ್ಮಣ್ಣುಗುಂಡಿಗೆ ತಗೊಂಡು ಹೋಗಾಣ ಕಣೇ, ಅಲ್ಲಿ ಎತ್ತರ ಎಷ್ಟು ಅಂತ ಎಲ್ಲರಿಗೂ ಗೊತ್ತೈತಲ್ಲ” ಎಂದಳು ತಂಗಿ. ಬೇಡ ಎಂದೆ. ಅಷ್ಟು ದೊಡ್ಡ ಬೆಟ್ಟದಲ್ಲಿ ಐದು ಮೀಟರಿನ ತಪ್ಪು ಎಲ್ಲಿ ಗೊತ್ತಾಗುತ್ತದೆ? ಮೂಟೆ ತೂಗುವ ತಕ್ಕಡಿಯಲ್ಲಿ ಏಲಕ್ಕಿ ತೂಗಿದ ಹಾಗೆ. ಶಾಲೆಯ ತಾರಸಿಯಿಂದ ನೋಡೋಣವೆಂದರೆ ಅದು ತೀರಾ ಗಿಡ್ಡ, ಮೇಲಾಗಿ ಅಲ್ಲಿ ಗಾಳಿ. ನನಗೆ ಬೇಕಾದದ್ದು ಗಾಳಿ ಅಲ್ಲಾಡದ, ಉದ್ದ ಗೊತ್ತಿರುವ, ನೆಟ್ಟಗಿನ ಒಂದು ಜಾಗ. ಮೇಲೇ ಹೋಗಬೇಕೆಂದೇನಿಲ್ಲವಲ್ಲ, ಕೆಳಗೆ ಹೋದರೂ ಆದೀತು. ಆಗ ಬಾವಿ ನೆನಪಾಯಿತು.

ಅಜ್ಜಂಪುರದಲ್ಲಿ ಒಬ್ಬರು ಕೊಬ್ಬರಿ ವ್ಯಾಪಾರಿ, ಅವರ ತಕ್ಕಡಿಗಳೆಲ್ಲ ನನ್ನ ಕೈಯಲ್ಲೇ ರಿಪೇರಿಯಾಗುವುದು. ಯಜಮಾನರೇ ಎಂದೇ ನಾನು ಕರೆಯುವುದು. ಅವರ ಹಿತ್ತಿಲಲ್ಲಿ ಕಲ್ಲು ಕಟ್ಟಿದ ಹಳೆಯ ಸೇದುವ ಬಾವಿಯಿದೆ. ವಿಷಯ ಹೇಳಿದೆ.

“ಅದಕ್ಕೇನು, ಬನ್ನಿ ಬನ್ನಿ! ಹತ್ತು ಮಾರು ದಾಟಿದ ಮೇಲೆ ನೀರು” ಎಂದು ಸೂರಿಗೆ ನೇತುಹಾಕಿದ್ದ ಒಂದು ನಾರಿನ ಹಗ್ಗ ಇಳಿಸಿದರು. ತುದಿಯಲ್ಲಿ ಕಲ್ಲು, ಮಾರಿಗೊಂದು ಗಂಟು. ಬೇಸಿಗೆಯಲ್ಲಿ ನೀರು ಎಷ್ಟು ಕೆಳಗೆ ಹೋಗಿದೆ ಎಂದು ನೋಡುವುದಕ್ಕೇ ಇಟ್ಟ ಹಗ್ಗ. ಎರಡೂ ಕೈ ಚಾಚಿ ನಿಂತರೆ ಈ ಬೆರಳ ತುದಿಯಿಂದ ಆ ಬೆರಳ ತುದಿಗೆ ಒಂದು ಮಾರು, ಲೆಕ್ಕಕ್ಕೆ ಆರಡಿ, ಇದು ನಮ್ಮ ಕಡೆ ಮಕ್ಕಳಿಗೂ ಗೊತ್ತು.

ನನ್ನ ಚೀಲದಲ್ಲಿ ಉಕ್ಕಿನ ಟೇಪು ಇತ್ತು. ಕೈ ಹಾಕಿದೆ. ಯಜಮಾನರು ನೋಡಿದರು. “ಅಳೆಯೋದೇನು ಬಂತು? ನಮ್ಮಪ್ಪನ ಕಾಲದ ಹಗ್ಗ ಕಣಮ್ಮ. ಗಂಟಿಗೊಂದು ಮಾರು, ಮಾರಿಗೆ ಆರಡಿ. ಕಣ್ಣಿಗೊತ್ಕೊಂಡು ಇಳಿಸಿ.” ಅವರ ಅಂಗಳದಲ್ಲಿ, ಅವರ ಅಪ್ಪನ ಹಗ್ಗಕ್ಕೆ, ಅವರು ಹೇಳಿದ ಮೇಲೂ ಟೇಪು ಹಿಡಿಯುವುದೆಂದರೆ ನಮ್ಮಲ್ಲಿ ಮರ್ಯಾದೆಯಲ್ಲ. ನಾನು ಕೈ ಈಚೆಗೆ ತೆಗೆದೆ.

ಬಾವಿಯೊಳಗೆ ಗಾಳಿ ಗಪ್‌ಚಿಪ್. ಕಲ್ಲಿನ ಜಾಗದಲ್ಲಿ ಆಲ್ಟಿಮೀಟರ್ ಕಟ್ಟಿ, ಕಟ್ಟೆಯ ಮೇಲೆ ಸೊನ್ನೆ ಮಾಡಿ, ಗಂಟು ಗಂಟಿಗೂ ನಿಲ್ಲಿಸಿ ಇಳಿಸಿದೆ. ಉದ್ದನೆಯ ವೈರಿನ ಈ ತುದಿಯಲ್ಲಿ ಫೋನು ಹಿಡಿದು ಅಂಕಿ ನೋಡಿಕೊಂಡೆ. ಪ್ರತಿ ಗಂಟಿಗೂ ಒಂದೂವರೆ ಮೀಟರು, ಎಲ್ಲೂ ಹೆಚ್ಚಿಲ್ಲ ಕಮ್ಮಿಯಿಲ್ಲ, ಕಟ್ಟಿದ ಹೂಮಾಲೆಯ ಹಾಗೆ. ಆದರೆ ಆರಡಿಯೆಂದರೆ ಒಂದೂವರೆ ಮೀಟರಿಗಿಂತ ಒಂದಡಿ ಹೆಚ್ಚೇ ಆಗಬೇಕು. ಹತ್ತನೇ ಗಂಟಿನಲ್ಲಿ ಹದಿನೆಂಟು ಮೀಟರು ದಾಟಬೇಕಿತ್ತು, ಹದಿನೈದರ ಮೇಲೆ ಚೂರು ತೋರಿಸಿತು.

ಮೊದಲು ಗಾಬರಿಯಾದರೂ ಮರುಕ್ಷಣ ಸಮಾಧಾನವಾಯಿತು. ಈ ಕಾಯಿಲೆ ನನಗೆ ಹಳೆಯ ಪರಿಚಯ. ತಕ್ಕಡಿ ಸೊನ್ನೆಯಲ್ಲಿ ಸರಿಯಾಗಿದ್ದು, ತೂಕ ಏರಿದಂತೆ ಒಂದೇ ಪ್ರಮಾಣದಲ್ಲಿ ಕಮ್ಮಿ ತೋರಿಸಿದರೆ ಅದಕ್ಕೆ ಮದ್ದು ಸುಲಭ. ಬಂದ ಅಂಕಿಯನ್ನು ಎಷ್ಟರಿಂದ ಗುಣಿಸಬೇಕೆಂದು ಲೆಕ್ಕ ಹಾಕಿ ಒಳಗೆ ಬರೆದುಬಿಡುವುದು. ಬಾವಿಕಟ್ಟೆಯ ಮೇಲೆ ಕೂತೇ ಲ್ಯಾಪ್‌ಟಾಪ್ ತೆಗೆದು ಬರೆದೆ. ಮತ್ತೆ ಇಳಿಸಿದೆ. ಹತ್ತನೇ ಗಂಟಿಗೆ ಹದಿನೆಂಟು ದಾಟಿತು.

“ನೋಡಿದ್ರಾ! ಅಗ್ಗದ ಯಂತ್ರ ಸುಳ್ಳು ಹೇಳ್ತದೆ, ನಮ್ಮಪ್ಪನ ಹಗ್ಗ ಹೇಳಲ್ಲ” ಎಂದು ಯಜಮಾನರು ಎಳನೀರು ಕೆತ್ತಿಸಿ ಕೊಟ್ಟರು. ನಾನು ಎರಡು ಕುಡಿದೆ.

ಹೊಸ ಲೆಕ್ಕದಲ್ಲಿ ನಮ್ಮ ನಲವತ್ತೈದು ಐವತ್ನಾಲ್ಕಾಯಿತು. ತಂಗಿಗೆ ಫೋನಿನಲ್ಲಿ ಹೇಳಿದ್ದೇ ತಡ, ಅವಳು ಹುಡುಗಿಯರಿಗೆ ಹೇಳಿದಳು, ಹುಡುಗಿಯರು ಬೋರ್ಡಿನ ಮೂಲೆಯಲ್ಲಿ ಬಣ್ಣದ ಸೀಮೆಸುಣ್ಣದಲ್ಲಿ ಐವತ್ನಾಲ್ಕು ಎಂದು ಬರೆದು ಸುತ್ತ ಹೂ ಬಿಡಿಸಿದರು. ಹೆಡ್‌ಮಾಸ್ಟರಿಗೂ ಸುದ್ದಿ ಹೋಯಿತು.

ಮಾರನೆಯ ಬೆಳಿಗ್ಗೆ ಅಂಗಡಿ ತೆರೆದು ಊದುಬತ್ತಿ ಹಚ್ಚುತ್ತಿದ್ದೆ, ದಿನಸಿ ಅಂಗಡಿಯವರೊಬ್ಬರು ತಕ್ಕಡಿ ತಂದು ದಢಕ್ಕನೆ ಇಟ್ಟರು. ಗಿರಾಕಿಗಳು ತೂಕ ಕಮ್ಮಿ ಎಂದು ಜಗಳ ತೆಗೆಯುತ್ತಾರಂತೆ. ನನ್ನ ತೂಕದ ಕಲ್ಲುಗಳನ್ನು ಒಂದೊಂದಾಗಿ ಇಟ್ಟು ತೋರಿಸಿದೆ. ತಕ್ಕಡಿ ಸರಿಯಾಗಿಯೇ ಇತ್ತು. ಅವರಿಗೆ ಸಮಾಧಾನವಿಲ್ಲ.

“ತಕ್ಕಡಿ ಸರಿ ಐತೆ ಅಂತೀರಿ. ನಿಮ್ಮ ಕಲ್ಲು ಸರಿ ಐತೆ ಅಂತ ಹೆಂಗ್ರೀ ನಂಬೋದು?”

ನನಗೆ ರೇಗಿತು. ಕಲ್ಲನ್ನು ಅವರ ಮೂಗಿನ ಮುಂದೆ ತಿರುಗಿಸಿ ಹಿಡಿದು, “ಇಲ್ಲಿ ನೋಡಿ, ಸರ್ಕಾರದ ಮುದ್ರೆ! ಕಲ್ಲನ್ನೂ ಕಳಿಸಿ ಪರೀಕ್ಷೆ ಮಾಡಿಸಿ ಮುದ್ರೆ ಹಾಕಿಸ್ತೀವಿ. ಕಲ್ಲು ಅಂದ್ರೆ ಕಲ್ಲೇ ಅಂತ ನಂಬಿ ಕೂತ್ಕೊಳ್ಳೋರಲ್ಲ ನಾವು” ಎಂದು ದಬಾಯಿಸಿದೆ. ದಬಾಯಿಸುತ್ತಿದ್ದ ಹಾಗೇ ಅಜ್ಜಂಪುರದ ಬಾವಿ ನೆನಪಾಯಿತು.

ಹಗ್ಗಕ್ಕೆ ಯಾರು ಮುದ್ರೆ ಹಾಕಿದ್ದರು?

ಸೆನ್ಸರನ್ನು ತಯಾರಿಸುವಲ್ಲೇ ಪರೀಕ್ಷಿಸಿ, ಅದರ ತಿದ್ದುಪಡಿಯನ್ನು ಅದರೊಳಗೇ ಬರೆದು ಕಳಿಸಿರುತ್ತಾರೆ. ಅದರ ಮಾತನ್ನು ತಳ್ಳಿಹಾಕಿ ನಾನು ಸೂರಿನಲ್ಲಿ ತೂಗುತ್ತಿದ್ದ ಒಂದು ಹಗ್ಗದ ಮಾತು ಕೇಳಿದ್ದೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗಾಯಿತಲ್ಲ ಎಂದು ನಾಚಿಕೆಯಾಯಿತು. ಜೊತೆಗೆ ಹೆದರಿಕೆಯೂ ಆಯಿತು. ಹಗ್ಗವೇ ತಪ್ಪಿದ್ದರೆ ಐವತ್ನಾಲ್ಕು ಸುಳ್ಳು. ಅದಕ್ಕೆ ಆಗಲೇ ಹೂ ಬಿಡಿಸಿಯಾಗಿದೆ.

ಸುಮ್ಮನಿದ್ದುಬಿಡಬಹುದಿತ್ತು. ಹೆಡ್‌ಮಾಸ್ಟರು ಲಿಂಗದಹಳ್ಳಿಯಿಂದ ಅಜ್ಜಂಪುರಕ್ಕೆ ಬಂದು ಬಾವಿ ಇಣುಕುತ್ತಾರೆಯೇ? ದೊಡ್ಡ ಅಂಕಿಯೆಂದರೆ ಎಲ್ಲರಿಗೂ ಸಂತೋಷ, ಪೀರಿಯಡ್ಡು ಉಳಿಯುತ್ತದೆ. ಆದರೆ ಅಳತೆಯಿದ್ದರೆ ಪಾಠ ಎಂಬ ಮಾತಿಗೆ ತಾನೆ ಇಷ್ಟೆಲ್ಲ ಒದ್ದಾಡಿದ್ದು? ಸುಳ್ಳು ಅಳತೆ ಕಲಿಸುವುದಕ್ಕಿಂತ ಆಟವೇ ವಾಸಿ. ದಿನಸಿಯವರನ್ನು ಸಾಗಹಾಕಿ, ಬಾಗಿಲೆಳೆದು, ಸ್ಕೂಟರ್ ಹತ್ತಿ ಅಜ್ಜಂಪುರದ ದಾರಿ ಹಿಡಿದೆ.

ಯಜಮಾನರ ಮುಖ ಸಣ್ಣದಾಯಿತು. “ನಮ್ಮ ಹಗ್ಗದ ಮೇಲೆ ಅನುಮಾನಾನಾ? ನಿಮ್ಮ ಯಂತ್ರ ಸರಿಯಿಲ್ಲಾಂದ್ರೆ ನಮ್ಮ ಹಗ್ಗ ಏನು ಮಾಡ್ತದಮ್ಮ? ಕುಣಿಯೋಕೆ ಬರ್ದೋಳು ನೆಲ ಡೊಂಕು ಅಂದ್ಳಂತೆ!”

“ಅನುಮಾನ ಅಲ್ಲ ಯಜಮಾನ್ರೇ. ನನ್ನ ಕಲ್ಲಿಗೂ ಮುದ್ರೆ ಹಾಕಿಸ್ತೀನಲ್ಲ, ಹಂಗೆ ಅನ್ಕೊಳ್ಳಿ. ನಿಮ್ಮ ತಂದೆಯವರು ಎತ್ತರದ ಆಳಾ?”

“ಎತ್ತರ ಅಂದ್ರೆ! ಬಾಗಿಲು ಬಗ್ಗಿ ದಾಟೋರು. ಅವ್ರು ಅಳೆದ ಮಾರು ಅಂದ್ರೆ ಆರಡಿಗೆ ಒಂದು ಬೆರಳು ಜಾಸ್ತಿಯೇ ಹೊರತು ಕಮ್ಮಿ ಇರಲ್ಲ.”

ಒಳಗಿನಿಂದ ಒಂದು ದನಿ ಬಂತು. “ಯಾರು ಅಳೆದಿದ್ದು?”

ಯಜಮಾನರ ತಾಯಿ. ನಡುಮನೆಯ ಕಂಬಕ್ಕೊರಗಿ ಎಲೆಯಡಿಕೆ ಕುಟ್ಟುತ್ತ ಕೂತಿದ್ದ ಹಣ್ಣುಹಣ್ಣು ಮುದುಕಿ. ಎದ್ದು ಬಂದರು. ನಿಂತರೆ ನನ್ನ ಕಿವಿಯ ಮಟ್ಟಕ್ಕೆ ಬರುತ್ತಿದ್ದರು, ನಾನೇ ಗಿಡ್ಡಿ.

“ಅಪ್ಪ ಅಲ್ವೇನವ್ವಾ ಗಂಟು ಹಾಕಿದ್ದು?”

“ನಿಮ್ಮಪ್ಪ ಯಾವತ್ತಪ್ಪ ಆ ಹಗ್ಗ ಮುಟ್ಟಿದ್ದು? ಬಾವಿ ಕಡೆ ತಲೆ ಹಾಕಿ ಮಲಗಿದೋರಲ್ಲ! ಸಂತೇಲಿ ಹಗ್ಗ ತಂದಿದ್ದು ನಾನು, ಗಂಟು ಹಾಕಿದ್ದು ನಾನು, ಬೇಸ್ಗೇಲಿ ನೀರು ನೋಡಿದ್ದು ನಾನು, ಸೇದಿದ್ದು ನಾನು. ಮಾರು ಮಾತ್ರ ನಿಮ್ಮಪ್ಪಂದಾ?”

ನನಗೆ ನಗು ತಡೆಯಲಾಗಲಿಲ್ಲ, ಅಜ್ಜಿಯೂ ಬೊಚ್ಚು ಬಾಯಲ್ಲಿ ನಕ್ಕುಬಿಟ್ಟರು. ಎಂಥ ಮಾತು! ಆರಡಿ ಎಂದು ಲೆಕ್ಕ ಹಿಡಿಯುವಾಗ ನಾವೆಲ್ಲ ಒಬ್ಬ ಗಂಡಸನ್ನು ಕೈ ಚಾಚಿ ನಿಲ್ಲಿಸಿಕೊಂಡಿರುತ್ತೇವೆ. ಹೆಂಗಸಾದ ನನಗೂ ಅದು ಹೊಳೆದಿರಲಿಲ್ಲ. ಬಾವಿಯ ಹಗ್ಗವನ್ನು ಬಾವಿಗೆ ಹೋಗುವವರೇ ತಾನೆ ಅಳೆಯುವುದು?

ಟೇಪು ಹಿಡಿದೆ. ಈ ಗಂಟಿನಿಂದ ಆ ಗಂಟಿಗೆ ಐದಡಿ. ಮುಂದಿನದೂ ಐದಡಿ. ಹತ್ತೂ ಮಾರು ನೋಡಿದೆ, ಒಂದೆರಡು ಕಡೆ ಅರ್ಧ ಬೆರಳು ಆಚೀಚೆ. ಎಷ್ಟೋ ವರ್ಷದ ಹಿಂದೆ ಬರಿಗೈಯಲ್ಲಿ ಅಳೆದದ್ದು, ನನ್ನ ಮೇಜಿನ ಮೇಲೆ ಅಳೆದಷ್ಟು ಸಮ. ಒಂದೂವರೆ ಮೀಟರಿಗೆ ಒಂದು ಕೂದಲು ಹೆಚ್ಚು. ನನ್ನ ಉಗುರಗಲದ ಸೆನ್ಸರ್ ಮೊದಲ ಸಲವೇ ನಿಜ ಹೇಳಿತ್ತು, ನಾನೇ ಅದರ ಕಿವಿ ಹಿಂಡಿ ಸುಳ್ಳು ಕಲಿಸಿದ್ದೆ. ಅಲ್ಲೇ ಗುಣಿಸುವ ಲೆಕ್ಕ ಅಳಿಸಿದೆ. ಮತ್ತೆ ಬಾವಿಗಿಳಿಸಿದರೆ ಟೇಪು, ಹಗ್ಗ, ಯಂತ್ರ ಮೂರೂ ಒಂದೇ ಮಾತು ಆಡಿದವು.

“ಈ ಹಗ್ಗ ಒಂದೆರಡು ದಿನ ಕೊಡ್ತೀರಾ ಅಜ್ಜಿ?” ಎಂದೆ.

“ತಗೊಂಡೋಗು ಮಗಾ. ವಾಪಸ್ ತಂದಾಗ ಬಾಟ್ಲಿ ಎಷ್ಟು ಮೇಲೆ ಹೋಯ್ತು ಅಂತ ಹೇಳ್ಬೇಕು” ಎಂದರು.

ತಂಗಿಗೆ ಹೇಳುವುದು ಬಾವಿಗಿಂತ ಆಳದ ಕೆಲಸವಾಯಿತು. “ಅಕ್ಕಾ! ಈಗ ಹೋಗಿ ಕಮ್ಮಿ ಅಂತ ಹೇಳ್ಲಾ? ಹುಡ್ಗೀರ ಮುಖ ನೋಡ್ಬೇಕಲ್ಲ ನಾನು! ನಿನ್ನೆ ಒಂದು ಹೇಳ್ತೀರಿ ಇವತ್ತೊಂದು ಹೇಳ್ತೀರಿ, ಇದೇನಾ ಅಳತೆ ಅಂತ ಸಾರ್ ಕೇಳಿದ್ರೆ ಮುಗೀತು ನಮ್ಮ ಕತೆ!” ಕೇಳಿದರೆ ಉತ್ತರ ನಾನೇ ಕೊಡುತ್ತೇನೆ ಎಂದೆ. ಕೊಡಲು ಬರುತ್ತದೆಯೋ ಇಲ್ಲವೋ ನನಗೇ ಗೊತ್ತಿರಲಿಲ್ಲ.

ಶನಿವಾರ ಹಗ್ಗದ ಸಿಂಬಿಯನ್ನು ಮಡಿಲಲ್ಲಿಟ್ಟುಕೊಂಡು ತರೀಕೆರೆಯಿಂದ ಬಸ್ಸಿನಲ್ಲಿ ಹೋದೆ. ಹೆಡ್‌ಮಾಸ್ಟರು ತಂಗಿ ಹೆದರಿದ್ದ ಹಾಗೇ ಕೇಳಿದರು. “ಮೊನ್ನೆ ಐವತ್ನಾಲ್ಕು. ಈಗ ನಲವತ್ತೈದು ಅಂತಿದ್ದೀರಿ. ನಾಳೆ ಎಷ್ಟು ಅಂತೀರಮ್ಮ?” ಹುಡುಗಿಯರು ಬಾಟಲಿ ಅಪ್ಪಿಕೊಂಡು ಸಾಲಾಗಿ ನಿಂತಿದ್ದರು. ಒಬ್ಬಳ ಕಣ್ಣು ಆಗಲೇ ತುಂಬಿತ್ತು.

ನಾನು ಮುಚ್ಚಿಡದೆ ಎಲ್ಲ ಹೇಳಿದೆ. ಏಳು ಮೀಟರು, ನೂರನಲವತ್ತು, ಬಾವಿ, ಗಂಟು, ನನ್ನ ಎಡವಟ್ಟು, ಅಜ್ಜಿ ಮಗನಿಗೆ ಹಾಕಿದ ಮಂಗಳಾರತಿ. ಅಲ್ಲಿಗೆ ಬರುವಾಗ ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು. ಕಣ್ಣು ತುಂಬಿದ್ದವಳೇ ಕೇಳಿದಳು, “ಮಿಸ್, ಹಂಗಾದ್ರೆ ನಮ್ಮೆಲ್ಲರ ಮಾರೂ ಬೇರೆ ಬೇರೇನಾ?”

ಅಷ್ಟೇ ಸಾಕಾಯಿತು. ಒಬ್ಬೊಬ್ಬರೇ ಶಾಲೆಯ ಗೋಡೆಗೆ ಬೆನ್ನು ಹಚ್ಚಿ ಕೈ ಚಾಚಿದರು, ಇನ್ನೊಬ್ಬರು ಸೀಮೆಸುಣ್ಣದಲ್ಲಿ ಗುರುತು ಹಾಕಿದರು, ನಾನು ಟೇಪು ಹಿಡಿದೆ. ಯಾರದ್ದೂ ಆರಡಿಯಿಲ್ಲ! “ಸಾರ್, ನಿಮ್ದು?” ಎಂದು ಯಾರೋ ಧೈರ್ಯವಾಗಿ ಕೂಗಿದರು. ಹೆಡ್‌ಮಾಸ್ಟರು ಹುಬ್ಬು ಗಂಟಿಕ್ಕಿದರು. ಆಮೇಲೆ ಪೆನ್ನು ಜೇಬಿನಿಂದ ತೆಗೆದು ತಂಗಿಯ ಕೈಗೆ ಕೊಟ್ಟು, ಗೋಡೆಗೆ ನಿಂತು ಕೈ ಚಾಚಿದರು. ಆರಡಿಗೆ ನಾಲ್ಕು ಬೆರಳು ಕಮ್ಮಿ.

“ಸರಿಯಾಗಿ ನೋಡ್ರಮ್ಮ, ಅಂಗಿ ಬಿಗಿಯಾಗೈತೆ” ಎಂದರು. ಇಡೀ ಮೈದಾನ ನಕ್ಕಿತು.

ಆಮೇಲೆ ಹಗ್ಗವನ್ನು ತಾರಸಿಯಿಂದ ಹುಡುಗಿಯರೇ ಇಳಿಬಿಟ್ಟರು. ಗಾಳಿ ನಿಂತ ಹೊತ್ತು ನೋಡಿಕೊಂಡು, ಗಂಟು ಗಂಟಿಗೂ ಯಂತ್ರ ಏನು ಹೇಳುತ್ತದೆಂದು ಒಬ್ಬ ಹುಡುಗಿ ಕೂಗಿ ಹೇಳಿದಳು, ಇನ್ನೊಬ್ಬಳು ಟೇಪಿನಲ್ಲಿ ಸರಿನೋಡಿದಳು. ಆಚೀಚೆ ಒಂದು ಗೇಣಿಗಿಂತ ಹೆಚ್ಚು ತಪ್ಪಲಿಲ್ಲ. ಹೆಡ್‌ಮಾಸ್ಟರು “ಹಾರಿಸಿ” ಎಂದರು.

ಹುಡುಗಿಯರು ನೀರು ತುಂಬಿದರು, ಪಂಪು ಹೊಡೆದರು, ದಾರ ಎಳೆದರು. ರಾಕೆಟ್ಟು ಹೋಯಿತು, ಹೋಯಿತು, ಕತ್ತು ನೋಯುವಷ್ಟು ಹೋಯಿತು. ಮೇಲೆ ತಿರುಗಿದ್ದೇ ಮೂತಿ ಕಳಚಿಕೊಂಡಿತು. ಬಾಟಲಿ ಒಂದು ಕಡೆ, ಆಲ್ಟಿಮೀಟರ್ ಇರುವ ಮೂತಿ ಇನ್ನೊಂದು ಕಡೆ. ಬೇಲಿಯಾಚೆ ಆಗತಾನೆ ನೀರು ಕಟ್ಟಿದ್ದ ಗದ್ದೆಗೆ ಪಚಕ್ಕೆಂದು ಬಿತ್ತು. ತಂಗಿ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಇಷ್ಟು ಬಡಿದಾಡಿದ್ದು ಕೆಸರಿನ ಪಾಲಾಯಿತೆಂದುಕೊಂಡೆ.

ಹುಡುಗಿಯರು ಲಂಗ ಎತ್ತಿ ಕಟ್ಟಿ ಗದ್ದೆಗಿಳಿದೇಬಿಟ್ಟರು. ಯಾರೂ ಯಾರಿಗೂ ಬೈಯಲಿಲ್ಲ. ಮೊಣಕಾಲುದ್ದ ಕೆಸರಲ್ಲಿ ತಡಕಾಡಿ ಮೂತಿ ಎತ್ತಿ ತಂದರು. ಸ್ಪಂಜು ಹಿಂಡಿ, ಸೀರೆ ಸೆರಗಿನಲ್ಲಿ ಒರೆಸಿ, ಊದಿ ಊದಿ ಒಣಗಿಸಿ, ದೇವರೇ ಎಂದು ವೈರು ಚುಚ್ಚಿದೆ. ಫೋನಿನ ಪರದೆ ಖಾಲಿ. ಮತ್ತೊಮ್ಮೆ ಚುಚ್ಚಿದೆ.

ನಲವತ್ತೈದು ಬಿಂದು ಆರು.

ಹುಡುಗಿಯರ ಕಿರುಚಾಟಕ್ಕೆ ಮಾವಿನ ಮರದ ಗಿಳಿಗಳೆಲ್ಲ ಎದ್ದವು. ಹೆಡ್‌ಮಾಸ್ಟರು ಈ ಸಲ ಕಿಟಕಿಯಲ್ಲಿರಲಿಲ್ಲ, ನಮ್ಮ ನಡುವೆಯೇ ಇದ್ದರು, ಅಂಗಿಯೂ ಅರ್ಧ ನೆನೆದಿತ್ತು. ಕೆಸರು ಮೆತ್ತಿದ ಒಬ್ಬಳು ಬೆರಳು ಮಡಿಸಿ ಲೆಕ್ಕ ಹಾಕಿ, “ಸಾರ್, ಅಜ್ಜಿ ಲೆಕ್ಕದಲ್ಲಿ ಸರಿಯಾಗಿ ಮೂವತ್ತು ಮಾರು!” ಎಂದಳು.

“ಇದು ಪಾಠ ಕಣ್ರೀ ಟೀಚರ್” ಎಂದರು ಹೆಡ್‌ಮಾಸ್ಟರು. ತಾವೇ ಕ್ಲಾಸಿಗೆ ಹೋಗಿ ಬೋರ್ಡಿನ ಐವತ್ನಾಲ್ಕನ್ನು ಒರೆಸಿದರು, ಸುತ್ತಲಿನ ಹೂವನ್ನು ಹಾಗೇ ಬಿಟ್ಟರು, ಒಳಗೆ ನಲವತ್ತೈದು ಬಿಂದು ಆರು ಎಂದು ಬರೆದರು. ಹೊಸ ಟೈಮ್‌ಟೇಬಲ್ಲಿನಲ್ಲಿ ಶನಿವಾರದ ಕೊನೆಯ ಪೀರಿಯಡ್ಡು ತಂಗಿಯದೇ ಆಯಿತು. ಅಂಥದೇ ಇನ್ನೂ ನಾಲ್ಕು ಯಂತ್ರ ಮಾಡುವುದನ್ನು ನೀವೇ ಕಲಿಸಿಕೊಡಿ ಎಂದು ನನ್ನನ್ನೂ ಹಿಡಿದು ಹಾಕಿದರು. ಬಸ್ಸಿಗೆ ಕಾಯುವಾಗ ತಂಗಿ, “ಈ ಸಲ ನನ್ನ ಕಡೆ ಮಾತಾಡಿದೆ ಕಣೇ” ಎಂದಳು.

ಹಗ್ಗ ಹಿಂದಿರುಗಿಸಲು ಅಜ್ಜಂಪುರಕ್ಕೆ ಹೋದಾಗ ಅಜ್ಜಿ ಜಗುಲಿಯ ಮೇಲೇ ಕಾಯುತ್ತಿದ್ದರು. ಯಜಮಾನರು ಹಗ್ಗವನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಸೂರಿಗೆ ತೂಗುಹಾಕಿದರು, ಆರಡಿಯ ಮಾತೆತ್ತಲಿಲ್ಲ.

“ಎಷ್ಟು ಹೋಯ್ತು ಮಗಾ ಬಾಟ್ಲಿ?” ಎಂದರು ಅಜ್ಜಿ.

“ಮೂವತ್ತು ಮಾರು ಹೋಯ್ತು ಅಜ್ಜಿ!”

ಅಜ್ಜಿ ಆಕಾಶ ನೋಡಲಿಲ್ಲ. ನನ್ನ ಮುಖವನ್ನೇ ನೋಡಿದರು.

“ಯಾರ ಮಾರು?”

“ನಿಮ್ದೇ ಕಣಜ್ಜಿ.”

ಅವರು ಎರಡೂ ಕೈ ಚಾಚಿದರು. ಈಗ ಮೊಣಕೈ ಪೂರ್ತಿ ನೆಟ್ಟಗಾಗುವುದಿಲ್ಲ. ಆ ಬೆರಳ ತುದಿಯಿಂದ ಈ ಬೆರಳ ತುದಿಯವರೆಗೆ ನಿಧಾನಕ್ಕೆ ಕಣ್ಣಾಡಿಸಿ, “ಹಂಗಾದ್ರೆ ಸರಿ” ಎಂದರು.